ಹಲ್ಲಿಗೊಬ್ಬ ಡಾಕ್ಟರು, ಕಾಲಿಗ್ಯಾರು?

"ಚಪ್ಪಲಿ ತಂದಿದೀರಾ?"

ಆ ಡಾಕ್ಟರು ಅಪ್ಪನನ್ನ ನೋಡಿ ಕೇಳಿದ ಮೊದಲ ಪ್ರಶ್ನೆ ಇದು. ನನ್ನ ಕೈಯಲ್ಲಿ ಒಂದು ದಪ್ಪ ಫೈಲು ಇತ್ತು. ಅದರಲ್ಲಿ ಶುಗರ್ ರಿಪೋರ್ಟು, ಎಕ್ಸ್‌ರೇ, ಡಾಪ್ಲರ್, ನಾಲ್ಕು ವಿಭಾಗದವರ ಅಭಿಪ್ರಾಯ ಎಲ್ಲಾ ಇತ್ತು. ಅವರು ಫೈಲು ಮುಟ್ಟಲಿಲ್ಲ. ಚಪ್ಪಲಿ ಕೇಳಿದರು. ಪುಣ್ಯಕ್ಕೆ ಅಮ್ಮ ಅದನ್ನ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಲ್ಲಿ ಇಟ್ಟುಕೊಂಡಿದ್ದರು, ಡಿಸ್ಚಾರ್ಜ್ ಆದಾಗ ಹಾಕ್ಕೊಂಡು ಹೋಗೋಕೆ ಅಂತ. ಡಾಕ್ಟರು ಗ್ಲೌಸ್ ಹಾಕಿಕೊಂಡು ಬಲಗಾಲಿನ ಚಪ್ಪಲಿ ಒಳಗೆ ನಿಧಾನಕ್ಕೆ ಬೆರಳಾಡಿಸಿದರು. ಒಂದು ಕಡೆ ನಿಲ್ಲಿಸಿ, "ಇಲ್ಲಿ ಮುಟ್ಟಿ ನೋಡಿ" ಅಂದರು. ಚಪ್ಪಲಿ ರಿಪೇರಿಗೆ ಹೊಡೆದಿದ್ದ ಒಂದು ಸಣ್ಣ ಮೊಳೆ, ಅಟ್ಟೆ ಸವೆದು ಮೇಲೆ ಬಂದಿತ್ತು. ತುದಿ ಮಾತ್ರ, ಅಕ್ಕಿ ಕಾಳಿನಷ್ಟು.

ಆ ಮೊಳೆ ಮೇಲೆ ಅಪ್ಪ ಎರಡು ದಿನ ನಡೆದಾಡಿದ್ದರು. ಅರಸೀಕೆರೆಗೆ ಮದುವೆಗೆ ಹೋಗಿ, ಊಟಕ್ಕೆ ಬಡಿಸಿ, ಬಸ್ಸಲ್ಲಿ ನಿಂತುಕೊಂಡೇ ವಾಪಸ್ ತಿಪಟೂರಿಗೆ ಬಂದಿದ್ದರು. ಮೂವತ್ತೊಂದು ವರ್ಷ ಕಂಡಕ್ಟರ್ ಕೆಲಸ ಮಾಡಿದೋರು, ಬಸ್ಸಲ್ಲಿ ನಿಲ್ಲೋದು ಅವರಿಗೆ ಕಷ್ಟ ಅಲ್ಲ. ಮಾರನೇ ದಿನ ಬೆಳಿಗ್ಗೆ ಅಮ್ಮ ನೆಲ ಒರೆಸುವಾಗ ರೆಡಾಕ್ಸೈಡ್ ನೆಲದ ಮೇಲೆ ಇನ್ನೂ ಗಾಢವಾದ ಹೆಜ್ಜೆ ಗುರುತು ನೋಡಿ ಕಿರುಚಿಕೊಂಡರಂತೆ. "ಏನೂ ನೋವಿಲ್ಲ ಕಣೇ" ಅಂತ ಅಪ್ಪ ಅಂದರಂತೆ. ನಿಜವಾಗಿಯೂ ನೋವಿರಲಿಲ್ಲ. ಇಡೀ ರಗಳೆಯ ಮೂಲ ಅದೇ.

ಆಮೇಲೆ ನಡೆದಿದ್ದನ್ನ ಸ್ವಲ್ಪದರಲ್ಲಿ ಹೇಳಿಬಿಡ್ತೀನಿ. ಊರಿನ ಡಾಕ್ಟರು ಹತ್ತು ದಿನ ಡ್ರೆಸ್ಸಿಂಗ್ ಮಾಡಿ ಮಾತ್ರೆ ಕೊಟ್ಟರು. ಎರಡನೇ ಬೆರಳು ಕಪ್ಪಗಾಯಿತು. ಬೆಂಗಳೂರಿಗೆ ಕರಕೊಂಡು ಬಂದೆ. ಗಾಜಿನ ಗೋಡೆ, ಕಾಫಿ ಶಾಪು ಎಲ್ಲಾ ಇರೋ ದೊಡ್ಡ ಆಸ್ಪತ್ರೆ. ಶುಗರ್ ಡಾಕ್ಟರು ಇನ್ಸುಲಿನ್ ಬದಲಾಯಿಸಿ ಸರ್ಜರಿಯವರಿಗೆ ಕಳಿಸಿದರು. ಸರ್ಜರಿಯವರು ಮೂಳೆಗೆ ಹೋಗಿರಬಹುದು ಅಂತ ಆರ್ಥೋಗೆ ಕಳಿಸಿದರು. ಆರ್ಥೋದವರು ರಕ್ತ ಓಡಾಟ ಗೊತ್ತಾಗಲಿ ಅಂತ ವ್ಯಾಸ್ಕುಲರ್‌ಗೆ ಕಳಿಸಿದರು. ಒಬ್ಬೊಬ್ಬರೂ ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮಾಡಿದರು, ನಾನು ಸುಳ್ಳು ಹೇಳಲ್ಲ. ನಾಲ್ಕನೇ ದಿನ ಸಂಜೆ ಒಬ್ಬ ಜೂನಿಯರ್ ಡಾಕ್ಟರ್ ಬಂದು, "ಮೊಣಕಾಲ ಕೆಳಗೆ ತೆಗೆದುಬಿಟ್ಟರೆ ಸೇಫ್ ಸರ್, ನಾಳೆ ಕನ್ಸೆಂಟ್ ಸೈನ್ ಮಾಡಿ" ಅಂದ. ಅಪ್ಪ ನನ್ನ ಮುಖ ನೋಡಿದರು. "ಮಗಾ, ಒಂದು ಮೊಳೆಗೆ ಒಂದು ಕಾಲಾ?" ಅಂತ ಕೇಳಲಿಲ್ಲ, ಆಗಿನ್ನೂ ನಮಗೆ ಮೊಳೆ ವಿಷಯವೇ ಗೊತ್ತಿರಲಿಲ್ಲ. "ಮಗಾ, ಊರಿಗೆ ಹೋಗೋಣ" ಅಂದರು ಅಷ್ಟೆ.

ನಮ್ಮ ಟೀಮಿನ ಒಬ್ಬಳು ಆ ರಾತ್ರಿ ಫೋನ್ ಮಾಡಿ, ಕಾಲಿಗಂತಲೇ ಒಬ್ಬರು ಸರ್ಜನ್ ಇದ್ದಾರೆ, ಬೇರೆ ಆಸ್ಪತ್ರೆ, ಒಂದು ಸಲ ತೋರಿಸಿ ಅಂದಳು. ಹಾಗೆ ಸಿಕ್ಕಿದ್ದು ಈ ಚಪ್ಪಲಿ ಡಾಕ್ಟರು. ಅವರು ಎರಡು ಬೆರಳು ಮತ್ತು ಅದರ ಹಿಂದಿನ ಕೊಳೆತ ಮೂಳೆ ತೆಗೆದರು. ಕಾಲು ಉಳೀತು. ಅಪ್ಪ ಈಗ ನಡೀತಾರೆ.

ಎಲ್ಲರ ಕಾಲೂ ಹೀಗೆ ಉಳಿಯುತ್ತೆ ಅಂತ ನಾನು ಹೇಳ್ತಿಲ್ಲ. ಕೆಲವು ಸಲ ಜೀವ ಉಳಿಸೋಕೆ ಕಾಲು ತೆಗೀಲೇಬೇಕು, ಅದನ್ನ ಆ ಡಾಕ್ಟರೇ ನನಗೆ ಎರಡು ಸಲ ಹೇಳಿದ್ದಾರೆ. ನನ್ನ ಸಿಟ್ಟು ಬೇರೆ ಕಡೆಗಿದೆ. ನನ್ನ ಅಪ್ಪನ ಕಾಲು ಉಳಿದಿದ್ದು ಒಂದು ವ್ಯವಸ್ಥೆಯಿಂದ ಅಲ್ಲ, ಒಂದು ವಾಟ್ಸಾಪ್ ಗ್ರೂಪಿನಿಂದ. ಇದು ಯಾಕೆ ಹೀಗೆ?

ಒಂದು ಲೆಕ್ಕ ನೋಡಿ. ಐಸಿಎಂಆರ್ ನಡೆಸಿದ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟ ಆಯಿತು. ಅದರ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರೋರು ಸುಮಾರು 10.1 ಕೋಟಿ. ಸಕ್ಕರೆ ಕಾಯಿಲೆ ಇರೋರಲ್ಲಿ ಶೇ. 15ರಿಂದ 25ರಷ್ಟು ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ ಪಾದದಲ್ಲಿ ಹುಣ್ಣಾಗುತ್ತೆ ಅನ್ನೋದು ವೈದ್ಯಲೋಕ ಬಹಳ ಕಾಲದಿಂದ ಹೇಳಿಕೊಂಡು ಬಂದಿರೋ ಅಂದಾಜು. ಕಡಿಮೆ ಲೆಕ್ಕ ಹಿಡಿದರೂ ಒಂದೂವರೆ ಕೋಟಿ ಜನ. ಸಕ್ಕರೆ ಕಾಯಿಲೆಯಿಂದ ಕಾಲು ಕಳಕೊಂಡ ನೂರು ಜನರಲ್ಲಿ ಸುಮಾರು 85 ಜನಕ್ಕೆ ಅದು ಶುರುವಾಗಿದ್ದು ಇಂಥ ಒಂದು ಹುಣ್ಣಿನಿಂದಲೇ. ಅಂದರೆ ಅಷ್ಟೂ ಜನರ ಕಾಲು ಹೋಗೋ ಮುಂಚೆ ಯಾರಾದರೂ ನೋಡಬಹುದಾಗಿದ್ದ ಒಂದು ಗಾಯ ಇತ್ತು. ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಇತ್ತು.

ಈಗ ನಿಮ್ಮ ಬಾಯಿ ತೆಗೀರಿ. ಅಲ್ಲಿ 32 ಹಲ್ಲಿದೆ. ಅದಕ್ಕೆ ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಕಾಲೇಜಿದೆ. 1920ರಲ್ಲೇ ಕಲ್ಕತ್ತಾದಲ್ಲಿ ಡಾ. ರಫಿಯುದ್ದೀನ್ ಅಹ್ಮದ್ ಮೊದಲ ದಂತ ಕಾಲೇಜು ತೆರೆದರು. 1948ರಲ್ಲಿ ಹಲ್ಲಿಗಂತಲೇ ಪ್ರತ್ಯೇಕ ಕಾಯಿದೆ ಬಂತು. ನಿಮ್ಮ ಲೇಔಟಿನ ಪ್ರತಿ ಕ್ರಾಸಿನಲ್ಲೂ ಒಂದು ಡೆಂಟಲ್ ಕ್ಲಿನಿಕ್ ಇದೆ, ಕೆಳಗೆ ದರ್ಶಿನಿ, ಮೇಲೆ ಡೆಂಟಿಸ್ಟು. "ಇಡೀ ದೇಹಕ್ಕೇ ಡಾಕ್ಟರಿಲ್ಲ, ಹಲ್ಲಿಗೆ ಬೇರೆ ಡಾಕ್ಟರ್ ಬೇಕಾ?" ಅಂತ ಯಾರೂ ಕೇಳಲ್ಲ. ಈಗ ಕೆಳಗೆ ನೋಡಿ. ಒಂದೊಂದು ಪಾದದಲ್ಲಿ 26 ಮೂಳೆ. ಎರಡೂ ಸೇರಿದರೆ 52, ದೇಹದ ಒಟ್ಟು 206 ಮೂಳೆಗಳಲ್ಲಿ ಕಾಲು ಭಾಗ. ಒಂದು ಪಾದದಲ್ಲಿ 33 ಕೀಲು. ಇದಕ್ಕೆ ಎಷ್ಟು ಕಾಲೇಜಿದೆ? ದಂತ ಕಾಲೇಜಿನ ಹಾಗೆ ಊರೂರಿಗೆ ಇರೋದು ಒಂದೂ ಇಲ್ಲ. ಕೆಲವು ದೊಡ್ಡ ಸಂಸ್ಥೆಗಳಲ್ಲಿ ಫೆಲೋಶಿಪ್ಪುಗಳಿವೆ. ಬೆಂಗಳೂರಿನಲ್ಲೇ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪೋಡಿಯಾಟ್ರಿ ವಿಭಾಗ ಇದೆ, ಇದು ಎಷ್ಟು ಜನ ಬೆಂಗಳೂರಿನವರಿಗೇ ಗೊತ್ತು ಹೇಳಿ? ನನಗಂತೂ ಗೊತ್ತಿರಲಿಲ್ಲ. ನನ್ನ ಡೆಂಟಿಸ್ಟಿನ ನಂಬರು ಮಾತ್ರ ಫೋನಲ್ಲಿ ಸೇವ್ ಆಗಿತ್ತು.

ಅಮೆರಿಕದಲ್ಲಿ ಇದನ್ನ ಹಲ್ಲಿನ ದಾರಿಯಲ್ಲೇ ಮಾಡಿದ್ದಾರೆ. ಅಲ್ಲೂ ಶುರುವಾಗಿದ್ದು ಆಣಿ ಕೀಳೋರಿಂದ. ಅಬ್ರಹಾಂ ಲಿಂಕನ್ನಿಗೆ ಕಾಲಿನ ತೊಂದರೆ ಇತ್ತು, ಅವನ ಆಣಿ ತೆಗೆಯುತ್ತಿದ್ದವನ ಹೆಸರು ಐಸಾಕರ್ ಜಕಾರಿ. ಆ ಕಸುಬು ನಿಧಾನಕ್ಕೆ ಕಾಲೇಜಾಯಿತು. ನ್ಯೂಯಾರ್ಕಿನ ಕಾಲೇಜು 1911ರದ್ದು, ಷಿಕಾಗೋದ್ದು 1912ರದ್ದು. ಷಿಕಾಗೋ ಕಾಲೇಜಿಗೆ ಈಗ ಇರೋ ಹೆಸರು ವಿಲಿಯಂ ಶೋಲ್ ಅವರದ್ದು, ಮೆಡಿಕಲ್ ಸ್ಟೋರಿನಲ್ಲಿ ಸಿಗೋ ಶೋಲ್ ಪಟ್ಟಿಯ ಶೋಲ್. ಈಗ ಅಲ್ಲಿ ಪದವಿ ಮುಗಿಸಿದ ಮೇಲೆ ನಾಲ್ಕು ವರ್ಷ ಪಾದಕ್ಕಂತಲೇ ವೈದ್ಯ ಶಿಕ್ಷಣ, ಆಮೇಲೆ ಮೂರು ವರ್ಷ ಆಸ್ಪತ್ರೆಯಲ್ಲಿ ರೆಸಿಡೆನ್ಸಿ. ಆ ಮೂರು ವರ್ಷದಲ್ಲಿ ಜನರಲ್ ಸರ್ಜರಿ, ರಕ್ತನಾಳ, ಸೋಂಕು, ಅರಿವಳಿಕೆ, ತುರ್ತು ಚಿಕಿತ್ಸೆ ಎಲ್ಲಾ ಕಡೆ ಓಡಾಡಬೇಕು. ಅವರು ಎಂಡಿ ಅಲ್ಲ, ಆದರೆ ಕಾಲಿನ ಆಪರೇಷನ್ ಮಾಡ್ತಾರೆ. ಬ್ರಿಟನ್ನಿನಲ್ಲಿ ಇನ್ನೂ ಬೇರೆ. ಅಲ್ಲಿ ಪೋಡಿಯಾಟ್ರಿ ಓದಿ, ಮೇಲೆ ಸರ್ಜರಿ ತರಬೇತಿ ಪಡೆದೋರು, ಹೆಚ್ಚಾಗಿ ಪಾದಕ್ಕಷ್ಟೇ ಮರಗಟ್ಟಿಸಿ ಆಪರೇಷನ್ ಮಾಡಿ ಸಂಜೆಗೆ ಮನೆಗೆ ಕಳಿಸ್ತಾರೆ. ಎಂಬಿಬಿಎಸ್ ಮಾಡದೇ ಇರೋರು ಸರ್ಜನ್ ಅಂತ ಹೇಗೆ ಕರಕೊಳ್ತಾರೆ ಅಂತ ಅಲ್ಲಿನ ಮೂಳೆ ಡಾಕ್ಟರುಗಳು ವರ್ಷಾನುಗಟ್ಟಲೆ ಜಗಳ ಆಡ್ತಿದ್ದಾರೆ. ಆಡಲಿ ಬಿಡಿ. ಜಗಳ ಆಡೋಕಾದರೂ ಅಲ್ಲಿ ಎರಡು ಗುಂಪಿದೆ. ನಮ್ಮಲ್ಲಿ ಕಾಲಿನ ಹುಣ್ಣನ್ನ "ಇದು ನಿಮ್ಮದು" ಅಂತ ತಳ್ಳೋಕೆ ನಾಲ್ಕು ವಿಭಾಗ ಇದೆಯೇ ಹೊರತು "ಇದು ನಂದು" ಅನ್ನೋಕೆ ಒಂದೂ ಇಲ್ಲ.

ನಮ್ಮ ಚಪ್ಪಲಿ ಡಾಕ್ಟರು ಹೇಗೆ ಓದಿದರು ಅಂತ ಒಂದಿನ ಕೇಳಿದೆ. ಡ್ರೆಸ್ಸಿಂಗಿಗೆ ವಾರವಾರ ಹೋಗ್ತಿದ್ದರಿಂದ ಮಾತು ಬೆಳೆದಿತ್ತು. ಎಂಬಿಬಿಎಸ್ ಐದೂವರೆ ವರ್ಷ, ಎಂಎಸ್ ಜನರಲ್ ಸರ್ಜರಿ ಮೂರು ವರ್ಷ. ಇಷ್ಟಾದರೂ ಪಾದದ ಬಗ್ಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲವಂತೆ. "ಪಿಜಿ ಮಾಡುವಾಗ ಡಯಾಬಿಟಿಕ್ ಫುಟ್ ಅಂದ್ರೆ ಫಸ್ಟ್ ಇಯರಿನವನ ಪಾಲು ಕಣ್ರೀ. ಸೀನಿಯರುಗಳು ಗಾಲ್ ಬ್ಲಾಡರು, ಹರ್ನಿಯಾ ಅಂತ ಥಿಯೇಟರಿಗೆ ಹೋಗ್ತಿದ್ರು. ನಾವು ವಾರ್ಡಿನ ಕೊನೇಲಿ ಮೂಗು ಮುಚ್ಕೊಂಡು ಕೀವು ತೊಳೀತಿದ್ವಿ. ಆ ಡ್ಯೂಟಿ ಯಾವಾಗ ಮುಗಿಯುತ್ತೋ ಅಂತ ಎಲ್ಲರೂ ಕಾಯ್ತಿದ್ರು" ಅಂದರು. ಆಮೇಲೆ ಅವರೇ ಹುಡುಕಿಕೊಂಡು ಎರಡು ವರ್ಷ ಅಲ್ಲಿ ಆರು ತಿಂಗಳು, ಇಲ್ಲಿ ಆರು ತಿಂಗಳು ಅಂತ ಅಲೆದು ಕಲಿತಿದ್ದಂತೆ. ಒಬ್ಬರ ಹತ್ತಿರ ರಕ್ತನಾಳ, ಇನ್ನೊಬ್ಬರ ಹತ್ತಿರ ಮೂಳೆ, ಮತ್ತೊಬ್ಬರ ಹತ್ತಿರ ಚರ್ಮ ಕಸಿ. ಚಪ್ಪಲಿ ಬಗ್ಗೆ ಕಲಿತಿದ್ದು ಒಬ್ಬ ಚಪ್ಪಲಿ ಹೊಲಿಯೋ ಯಜಮಾನರ ಹತ್ತಿರ, ಅವರ ಅಂಗಡಿ ಮುಂದೆ ಸ್ಟೂಲ್ ಹಾಕ್ಕೊಂಡು ಕೂತು. ಇಷ್ಟು ಓದಿ, ಅಲೆದ ಮೇಲೂ ಅವರ ರಿಜಿಸ್ಟ್ರೇಷನ್ನಿನಲ್ಲಿ ಇರೋದು ಜನರಲ್ ಸರ್ಜನ್ ಅಂತಲೇ.

ಅವರು ಮಾಡೋ ಕೆಲಸ ನೋಡಿದರೆ ಅದು ಯಾಕೆ ಯಾವ ಒಂದು ವಿಭಾಗಕ್ಕೂ ಸೇರಲ್ಲ ಅಂತ ಗೊತ್ತಾಗುತ್ತೆ. ಮೊದಲು ಒಂದು ನೈಲಾನ್ ದಾರದಂಥ ಕಡ್ಡಿ ತಗೊಂಡು ಅಪ್ಪನ ಅಂಗಾಲಿನ ಬೇರೆಬೇರೆ ಕಡೆ ಒತ್ತಿದರು. 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತೆ. ಕಣ್ಣು ಮುಚ್ಚಿಸಿ "ಗೊತ್ತಾದಾಗ ಹೂಂ ಅನ್ನಿ ಯಜಮಾನ್ರೇ" ಅಂದರು. ಅಪ್ಪ ಹೂಂ ಅನ್ನಲೇ ಇಲ್ಲ. ಒತ್ತಿ ಆಯ್ತಾ ಅಂತ ಕೇಳಿದರು. ನಾನು ಪಕ್ಕದಲ್ಲಿ ನಿಂತು ನೋಡ್ತಿದ್ದೆ, ಕಡ್ಡಿ ಬಾಗಿತ್ತು. ಆ ಕ್ಷಣ ನನಗೆ ಹೊಟ್ಟೆ ತೊಳೆಸಿದ ಹಾಗಾಯಿತು. ಎಷ್ಟು ವರ್ಷದಿಂದ ಈ ಮನುಷ್ಯ ನೆಲ ಗೊತ್ತಾಗದೇ ನಡೀತಿದ್ದಾರೆ?

ಆಮೇಲೆ ರಕ್ತದ ಪರೀಕ್ಷೆ. ಕಣಕಾಲಿನ ಹತ್ತಿರ ಒತ್ತಡ ಅಳೆದರೆ ಸಾಲದಂತೆ. ಸಕ್ಕರೆ ಕಾಯಿಲೆಯವರ ರಕ್ತನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡು ಗಟ್ಟಿಯಾಗಿದ್ದರೆ ಆ ಅಳತೆ ಸುಳ್ಳು ಹೇಳುತ್ತೆ, ಹೆಬ್ಬೆರಳಲ್ಲೂ ಅಳೀಬೇಕು. ಅಪ್ಪನಿಗೆ ರಕ್ತ ಚೆನ್ನಾಗಿಯೇ ಬರ್ತಿತ್ತು. ರಕ್ತ ಬರ್ತಿದೆ ಅಂದರೆ ಗಾಯ ಮಾಯೋಕೆ ಅವಕಾಶ ಇದೆ. ಗಾಯದೊಳಗೆ ಒಂದು ಮೊಂಡು ಕಡ್ಡಿ ಇಳಿಸಿ ಮೂಳೆ ತಾಗುತ್ತಾ ನೋಡಿದರು, ತಾಗಿತು. ಅಷ್ಟನ್ನ ತೆಗೆದರು. ಸೋಂಕು ಇಳಿದ ಮೇಲೆ ಪಾದಕ್ಕೆ ಅಂಟಿದ ಹಾಗೆ ಒಂದು ವಿಶೇಷ ಪ್ಲಾಸ್ಟರ್ ಹಾಕಿದರು. ದೇಹದ ಭಾರ ಗಾಯದ ಮೇಲೆ ಬೀಳದೆ ಇಡೀ ಅಂಗಾಲಿಗೂ ಕಾಲಿಗೂ ಹಂಚಿಹೋಗುತ್ತೆ. "ಔಷಧಿ ಗಾಯ ವಾಸಿ ಮಾಡಲ್ಲ, ಭಾರ ಇಳಿಸಿದರೆ ಗಾಯ ತಾನೇ ವಾಸಿ ಆಗುತ್ತೆ. ನೀವು ದಿನಾ ಅದನ್ನೇ ತುಳೀತಾ ಇದ್ದರೆ ಎಂಥಾ ಆಂಟಿಬಯಾಟಿಕ್ಕೂ ಏನು ಮಾಡುತ್ತೆ?" ಇಂಥ ಸರ್ಜನ್ನುಗಳು ಮಾಡೋ ಕೆಲವು ಆಪರೇಷನ್ನುಗಳೂ ಹೀಗೇ, ಕತ್ತರಿಸಿ ಎಸೆಯೋಕಲ್ಲ, ಭಾರ ಇಳಿಸೋಕೆ. ಬೆರಳು ಕೊಕ್ಕೆಯ ಹಾಗೆ ಮಡಚಿಕೊಂಡು ತುದಿ ಸವೆದು ಹುಣ್ಣಾಗಿದ್ದರೆ ಕೆಳಗಿನ ಸ್ನಾಯುರಜ್ಜನ್ನ ಸೂಜಿಯಷ್ಟು ಸಣ್ಣ ತೂತಿನಿಂದ ಬಿಡಿಸಿದರೆ ಸಾಕು, ಕೆಲವೇ ನಿಮಿಷದ ಕೆಲಸ. ಹಿಮ್ಮಡಿ ಮೇಲಿನ ದಪ್ಪ ಸ್ನಾಯುರಜ್ಜು ಬಿಗಿಯಾಗಿ ಪಾದದ ಮುಂಭಾಗಕ್ಕೇ ಭಾರ ಬೀಳ್ತಿದ್ದರೆ ಅದನ್ನ ಸ್ವಲ್ಪ ಉದ್ದ ಮಾಡ್ತಾರೆ. ಇದನ್ನೆಲ್ಲಾ ಮಾಡೋಕೆ ಮೂಳೆಯೂ ಗೊತ್ತಿರಬೇಕು, ರಕ್ತನಾಳವೂ ಗೊತ್ತಿರಬೇಕು, ಸೋಂಕೂ ಗೊತ್ತಿರಬೇಕು, ಚಪ್ಪಲಿಯೂ ಗೊತ್ತಿರಬೇಕು.

ಈ ವಿದ್ಯೆ ಹೊರಗಿನದ್ದು, ನಮಗೆ ಬರೋಕೆ ಸಮಯ ಬೇಕು ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುತ್ತೆ. ಇದರ ಒಂದು ಮುಖ್ಯ ಬೇರು ಇರೋದು ನಮ್ಮ ಪಕ್ಕದ ವೆಲ್ಲೂರಿನಲ್ಲಿ. ಪಾಲ್ ಬ್ರಾಂಡ್ ಅಂತ ಒಬ್ಬ ಸರ್ಜನ್. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದೋರು, ಇಂಗ್ಲೆಂಡಿನಲ್ಲಿ ಓದಿ 1946ರಲ್ಲಿ ವೆಲ್ಲೂರಿನ ಸಿಎಂಸಿಗೆ ಬಂದರು. ಕುಷ್ಠರೋಗಿಗಳ ಕೈಕಾಲು ಕೊಳೆತು ಉದುರುತ್ತೆ ಅಂತ ಲೋಕವೆಲ್ಲಾ ನಂಬಿದ್ದ ಕಾಲ ಅದು. ಬ್ರಾಂಡ್ ಕೂತು ನೋಡಿದರು. ರೋಗ ನರ ಕೊಲ್ಲುತ್ತೆ, ನೋವು ಹೋಗುತ್ತೆ, ನೋವಿಲ್ಲದ ಮನುಷ್ಯ ಬಿಸಿ ಪಾತ್ರೆ ಹಿಡೀತಾನೆ, ಮೊಳೆ ತುಳೀತಾನೆ, ರಾತ್ರಿ ಇಲಿ ಬೆರಳು ಕಡಿದರೂ ಏಳಲ್ಲ. ಬೆರಳು ಹೋಗೋದು ಹೀಗೆ, ತಾನಾಗಿ ಉದುರಲ್ಲ. ಆ ತಿಳಿವಳಿಕೆಯಿಂದಲೇ ವೆಲ್ಲೂರು, ಕರಿಗಿರಿ ಕಡೆ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಬಳಕೆಗೆ ಬಂದವು. 1966ರಲ್ಲಿ ಬ್ರಾಂಡ್ ಅಮೆರಿಕದ ಕಾರ್ವಿಲ್‌ಗೆ ಹೋದರು. ಅಲ್ಲಿ ಸಕ್ಕರೆ ಕಾಯಿಲೆಯವರ ಕಾಲಿಗೂ ಇದೇ ಕಥೆ ಅಂತ ತೋರಿಸಿದರು. ನಮ್ಮ ಕುಷ್ಠರೋಗಿಗಳ ಅಂಗಾಲಿನಿಂದ ಕಲಿತ ಪಾಠ ಅಮೆರಿಕದವರ ಕಾಲು ಉಳಿಸಿತು. ನಾವು ಮಾತ್ರ ಆ ಪುಸ್ತಕ ಮುಚ್ಚಿಟ್ಟು ಕೂತಿದೀವಿ.

ಮುಚ್ಚಿಟ್ಟಿದ್ದು ಯಾಕೆ ಅಂತ ನಾನು ತುಂಬಾ ಯೋಚಿಸಿದೀನಿ. ದುಡ್ಡಿಲ್ಲ ಅನ್ನೋದು ಸುಳ್ಳು, ಅದೇ ಊರಲ್ಲಿ ರೋಬೋಟಿಕ್ ಸರ್ಜರಿಯ ಹೋರ್ಡಿಂಗುಗಳು ಫ್ಲೈಓವರ್ ಉದ್ದಕ್ಕೂ ಇವೆ. ನನಗನ್ನಿಸೋದು, ಪಾದ ಅಂದರೆ ನಮಗೆ ಅಸಹ್ಯ. ನಮ್ಮಲ್ಲಿ ಕಾಲಿಗೆ ಬೀಳೋರು ಬೇಕಾದಷ್ಟು ಜನ ಇದ್ದಾರೆ, ಕಾಲು ಎತ್ತಿ ನೋಡೋರು ಇಲ್ಲ. ಗುರುಗಳ ಪಾದಪೂಜೆ ಮಾಡ್ತೀವಿ, ಪಾದುಕೆ ತಲೆ ಮೇಲೆ ಇಟ್ಕೋತೀವಿ. ಆದರೆ ಚಪ್ಪಲಿ ಮಾಡೋರನ್ನ ಊರ ಹೊರಗೆ ಇಟ್ಟೋರೂ ನಾವೇ. ಹರಳಯ್ಯನವರು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರು ಅನ್ನೋ ಕಥೆಗೆ ಕಣ್ಣೀರು ಹಾಕ್ತೀವಿ, ಆಮೇಲೆ ಮಗ ಡಾಕ್ಟರಾಗಿ ಕಾಲಿನ ಕೀವು ತೊಳೀತಾನೆ ಅಂದರೆ ಮದುವೆ ಮಾತುಕತೆಯಲ್ಲಿ "ಸರ್ಜನ್" ಅಂತಷ್ಟೇ ಹೇಳ್ತೀವಿ. ಪಿಜಿ ಕೌನ್ಸೆಲಿಂಗಿನಲ್ಲಿ ಒಳ್ಳೇ ರ‍್ಯಾಂಕಿನೋರು ರೇಡಿಯಾಲಜಿಗೆ, ಚರ್ಮಕ್ಕೆ ಓಡ್ತಾರೆ. ಯಾವ ಅಪ್ಪ ಅಮ್ಮ ತಾನೇ ಪಾದ ತಗೋ ಅಂತಾರೆ?

ಇನ್ನೊಂದು ಕಾರಣ, ನಮಗೆ ಕಳಕೊಂಡ ಮೇಲಿನ ಸಾಧನೆ ಇಷ್ಟ. ಸುಧಾ ಚಂದ್ರನ್ ಕಥೆ ನಿಮಗೆಲ್ಲಾ ಗೊತ್ತು. 1981ರಲ್ಲಿ ತಮಿಳುನಾಡಿನಲ್ಲಿ ಬಸ್ ಅಪಘಾತ, ಕಾಲಿನ ಗಾಯ ಗ್ಯಾಂಗ್ರೀನ್ ಆಗಿ ಕಾಲು ತೆಗೆದರು, ಜೈಪುರ್ ಕಾಲು ಹಾಕಿಕೊಂಡು ಮತ್ತೆ ಭರತನಾಟ್ಯ ಮಾಡಿದರು. ಅವರ ಮುಂದೆ ತಲೆಬಾಗ್ತೀನಿ. ಪಿ.ಕೆ. ಸೇಥಿ ಮತ್ತು ರಾಮಚಂದ್ರ ಶರ್ಮಾ ಅವರು ರೂಪಿಸಿದ ಜೈಪುರ್ ಕಾಲಿನ ಬಗ್ಗೆ ನನಗೂ ಹೆಮ್ಮೆ ಇದೆ, ಬಡವರಿಗೆ ಅದು ವರ. ಆದರೆ ನಮ್ಮ ಶಾಲೆಯ ಪಾಠದಲ್ಲಿ, ಭಾಷಣದಲ್ಲಿ, ಸಿಎಸ್‌ಆರ್ ಕ್ಯಾಂಪಿನ ಫೋಟೋದಲ್ಲಿ ಕೃತಕ ಕಾಲು ಮಾತ್ರ ಇದೆ. ಕಾಲು ಹೋಗದೇ ಇದ್ದವನ ಫೋಟೋ ತೆಗೆಯೋದು ಹೇಗೆ? ಅವನು ಸುಮ್ಮನೆ ತರಕಾರಿ ತರೋಕೆ ನಡಕೊಂಡು ಹೋಗ್ತಿರ್ತಾನೆ. ಅದರಲ್ಲಿ ಸುದ್ದಿ ಇಲ್ಲ.

ದುಡ್ಡಿನ ವಿಷಯಕ್ಕೆ ಬರ್ತೀನಿ. ಇದು ನಿಮಗೆ, ಅಂದರೆ ಕಂಪನಿ ಇನ್ಶೂರೆನ್ಸ್ ಕಾರ್ಡಿನಲ್ಲಿ ಅಪ್ಪ ಅಮ್ಮನ ಹೆಸರು ಸೇರಿಸಿ ನಿಶ್ಚಿಂತೆಯಿಂದ ಇರೋರಿಗೆ. ಅಪ್ಪನ ಮೊಣಕಾಲ ಕೆಳಗೆ ಕಾಲು ತೆಗೆಸಿದ್ದರೆ ನನ್ನ ಪಾಲಿಸಿ ಪೂರ್ತಿ ಕೊಡ್ತಿತ್ತು. ಬೆರಳು ತೆಗೆದಿದ್ದಕ್ಕೂ ಕೊಟ್ಟಿತು, ಅಡ್ಮಿಟ್ ಆಗಿದ್ದರಲ್ಲ. ಆಮೇಲೆ ಐದು ತಿಂಗಳು ವಾರವಾರ ನಡೆದ ಡ್ರೆಸ್ಸಿಂಗಿಗೆ, ಆ ವಿಶೇಷ ಪ್ಲಾಸ್ಟರಿಗೆ, ಅಳತೆ ಕೊಟ್ಟು ಮಾಡಿಸಿದ ಚಪ್ಪಲಿಗೆ ಒಂದು ರೂಪಾಯಿ ಕೊಡಲಿಲ್ಲ. ಹೊರರೋಗಿ ಖರ್ಚು, ಪಾಲಿಸಿಯಲ್ಲಿ ಬರಲ್ಲ. ಪಾದರಕ್ಷೆ ವೈದ್ಯಕೀಯ ವಸ್ತು ಅಲ್ಲ. ಎಚ್‌ಆರ್ ಹುಡುಗಿ ಪಾಪ ತುಂಬಾ ನಯವಾಗಿ ಮೇಲ್ ಬರೆದಿದ್ದಳು. ಅಂದರೆ ನಮ್ಮ ವ್ಯವಸ್ಥೆ ಕಾಲು ಕತ್ತರಿಸೋಕೆ ದುಡ್ಡು ಕೊಡುತ್ತೆ, ಉಳಿಸೋಕೆ ಕೊಡಲ್ಲ. ಇದನ್ನ ಕೋಡ್ ಆಗಿ ಬರೆದು ರಿವ್ಯೂಗೆ ಕಳಿಸಿದರೆ ನಿಮ್ಮ ಟೀಮಿನಲ್ಲಿ ಯಾರಾದರೂ ಅಪ್ರೂವ್ ಮಾಡ್ತಾರಾ? ನನಗೆ ಐದು ತಿಂಗಳು ಕೊಡೋ ಶಕ್ತಿ ಇತ್ತು, ಕೊಟ್ಟೆ. ಅಪ್ಪನ ಪಕ್ಕ ಬೆಂಚಿನಲ್ಲಿ ಕೂರ್ತಿದ್ದ ಒಬ್ಬ ಆಟೋ ಡ್ರೈವರ್ ಮೂರು ವಾರ ಬಂದು ಆಮೇಲೆ ಬರಲಿಲ್ಲ. ಅವರ ಕಾಲು ಏನಾಯಿತೋ ಗೊತ್ತಿಲ್ಲ.

ಈಗ ಎದುರುವಾದಗಳು. ನನ್ನ ಕಸಿನ್ ಒಬ್ಬ ಆರ್ಥೋ ಮಾಡಿದಾನೆ, ಅವನ ಹತ್ತಿರ ಇದನ್ನೆಲ್ಲಾ ಹೇಳಿದಾಗ ಅವನು ಮೂರು ಮಾತು ಹೇಳಿದ. ಮೊದಲನೆಯದು, ಆರ್ಥೋದಲ್ಲೇ ಫುಟ್ ಅಂಡ್ ಆಂಕಲ್ ಫೆಲೋಶಿಪ್ ಇದೆ, ಹೊಸದೇನೂ ಬೇಡ. ಇದೆ, ನಿಜ. ಒಳ್ಳೊಳ್ಳೆ ಸರ್ಜನ್ನುಗಳೂ ಇದ್ದಾರೆ. ಆದರೆ ಎಂಎಸ್ ಮುಗಿದ ಮೇಲೆ ಆಸಕ್ತಿ ಇದ್ದೋರು ಸ್ವಂತ ಖರ್ಚಿನಲ್ಲಿ ಆರು ತಿಂಗಳೋ ಒಂದು ವರ್ಷವೋ ಮಾಡೋದು ಅದು. ಮಾಡಿದ ಮೇಲೆ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಅವರ ಹತ್ತಿರ ಹೋಗೋರು ಯಾರು? ನಾವು. ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಓಡಿ, ಹದಿನೈದು ಸಾವಿರದ ಶೂ ಹಾಕ್ಕೊಂಡು, ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿ ನೋವು ಅನ್ನೋರು. ಆ ನೋವು ಬಹುತೇಕರಿಗೆ ಸ್ಟ್ರೆಚಿಂಗು, ಸರಿಯಾದ ಶೂ, ಕೆಲವು ತಿಂಗಳ ತಾಳ್ಮೆಯಲ್ಲಿ ಹೋಗುತ್ತೆ, ಆಪರೇಷನ್ ಬೇಕಾಗೋದು ಅಪರೂಪ. ತಿಪಟೂರಿನ ಕಪ್ಪಾದ ಬೆರಳು ಅವರ ಟೇಬಲ್ಲಿಗೆ ತಲುಪೋದೇ ಇಲ್ಲ.

ಎರಡನೆಯದು, ಹಳ್ಳಿಯಲ್ಲಿ ಎಂಬಿಬಿಎಸ್ ಡಾಕ್ಟರೇ ಇಲ್ಲ, ಪಾದದ ಡಾಕ್ಟರನ್ನ ಎಲ್ಲಿಂದ ತರ್ತೀರ? ಅದಕ್ಕೇ ಅಲ್ವಾ ನಾನು ಹೇಳ್ತಿರೋದು. ಸರ್ಜನ್ ಬರೋ ಮುಂಚಿನ ಕೆಲಸಕ್ಕೆ ಸರ್ಜನ್ ಬೇಡ. ಕಡ್ಡಿ ಒತ್ತಿ ನೋಡೋಕೆ, ಆಣಿ ಕೆರೆದು ತೆಗೆಯೋಕೆ, ಉಗುರು ಸರಿ ಮಾಡೋಕೆ, ಚಪ್ಪಲಿ ಅಳತೆ ಕೊಡೋಕೆ, ಯಾವ ಗಾಯವನ್ನ ಇವತ್ತೇ ದೊಡ್ಡಾಸ್ಪತ್ರೆಗೆ ಕಳಿಸಬೇಕು ಅಂತ ಗುರುತಿಸೋಕೆ ಒಂದು ಪದವಿ ಸಾಕು, ಫಿಸಿಯೋಥೆರಪಿ ಇದ್ದ ಹಾಗೆ. ಪಾದ ಬಿಸಿಯಾಗಿ ಕೆಂಪಗೆ ಊದಿಕೊಂಡಿದೆ, ನೋವು ಅಷ್ಟಿಲ್ಲ ಅಂದರೆ ಅದು ಕೀವಲ್ಲದೆ ಶಾರ್ಕೋ ಪಾದ ಇರಬಹುದು, ಒಳಗೆ ಮೂಳೆ ಪುಡಿಯಾಗ್ತಿರಬಹುದು, ನಡೆದರೆ ಪಾದದ ಆಕಾರವೇ ಕೆಡುತ್ತೆ ಅನ್ನೋದು ಗೊತ್ತಿರೋ ಒಬ್ಬರು ತಾಲೂಕು ಆಸ್ಪತ್ರೆಯಲ್ಲಿ ಇದ್ದರೆ ಎಷ್ಟು ಜನ ಉಳೀತಾರೆ! ಅವರ ಹಿಂದೆ ಜಿಲ್ಲಾ ಆಸ್ಪತ್ರೆಯಲ್ಲಿ ಪಾದದ ಸರ್ಜನ್ ಇರಲಿ. ಆ ಸರ್ಜನ್ನಿಗೆ ಎಂಎಸ್ ಆದಮೇಲೆ ಪೂರ್ಣಾವಧಿಯ ಕೋರ್ಸು, ಅದರಲ್ಲಿ ಮೂಳೆ, ರಕ್ತನಾಳ, ಚರ್ಮ, ಸೋಂಕು, ಪಾದರಕ್ಷೆ ಎಲ್ಲಾ ಒಂದೇ ಸೂರಿನಡಿ ಕಲಿಸಿ, ಕೊನೆಯಲ್ಲಿ ಹೆಸರಿನ ಮುಂದೆ ಹಾಕಿಕೊಳ್ಳೋಕೆ ಒಂದು ಪದವಿ ಕೊಡಿ. ಹೃದಯಕ್ಕೆ, ಕಿಡ್ನಿಗೆ, ಮೆದುಳಿಗೆ ಕೊಟ್ಟಿಲ್ವಾ?

ಮೂರನೆಯದು, ಡಾಕ್ಟರಲ್ಲದೋರ ಕೈಗೆ ಬ್ಲೇಡು ಕೊಟ್ಟರೆ ನಕಲಿ ವೈದ್ಯರು ಹುಟ್ಟಿಕೊಳ್ತಾರೆ. ಈ ಭಯ ಸುಳ್ಳಲ್ಲ. ಆದರೆ ಈಗ ಬ್ಲೇಡು ಯಾರ ಕೈಯಲ್ಲಿದೆ ಹೇಳಿ? ನಮ್ಮೂರಲ್ಲಿ ಆಣಿಯನ್ನ ಕ್ಷೌರದ ಬ್ಲೇಡಿನಲ್ಲಿ ಮನೆಯಲ್ಲೇ ಕುಯ್ಕೋತಾರೆ. ಮೆಡಿಕಲ್ ಸ್ಟೋರಿನ ಆಣಿ ಪಟ್ಟಿ ಹಚ್ಚಿ, ಅದರ ಆಸಿಡ್ಡಿಗೆ ಸ್ಪರ್ಶವಿಲ್ಲದ ಬೆರಳು ಸುಟ್ಟುಕೊಳ್ತಾರೆ. ಜೋಮು ಅಂತ ಬಿಸಿನೀರಲ್ಲಿ ಕಾಲಿಟ್ಟು ಬೊಬ್ಬೆ ಬರಿಸಿಕೊಳ್ತಾರೆ. ತರಬೇತಿ ಇಲ್ಲದೋರ ಕೈಗೆ ಪಾದ ಆಗಲೇ ಸಿಕ್ಕಾಗಿದೆ. ತರಬೇತಿ ಕೊಟ್ಟು, ಲೈಸೆನ್ಸ್ ಕೊಟ್ಟು, ಏನು ಮಾಡಬಹುದು ಏನು ಕೂಡದು ಅಂತ ಕಾನೂನಿನಲ್ಲಿ ಬರೀರಿ ಅನ್ನೋದು ನಕಲಿಗಳನ್ನ ಹುಟ್ಟಿಸೋದಲ್ಲ, ಅವರ ಅಂಗಡಿ ಮುಚ್ಚಿಸೋದು. ದಂತವೈದ್ಯರ ಕಾಯಿದೆ ಮಾಡಿದ್ದೂ ಇದನ್ನೇ.

ಕಸಿನ್ ಕೊನೆಗೆ, "ನೀನು ಎಮೋಷನಲ್ ಆಗಿದೀಯ" ಅಂದ. ಹೌದು, ಆಗಿದೀನಿ. ಯಾಕಂದರೆ ಈ ಲೇಖನದಲ್ಲಿ ಬೈಸಿಕೊಳ್ಳಬೇಕಾದ ಇನ್ನೊಬ್ಬ ವ್ಯಕ್ತಿ ಉಳಿದಿದಾನೆ, ಅದು ನಾನು. ಅಪ್ಪನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಹದಿನಾಲ್ಕು ವರ್ಷ ಆಗಿತ್ತು. ಹುಟ್ಟುಹಬ್ಬಕ್ಕೆ ದಿನಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸೋ ವಾಚು ಕೊಡಿಸಿದ್ದೆ. ಆ ಮದುವೆ ದಿನ ಅವರು ಹನ್ನೊಂದು ಸಾವಿರ ಹೆಜ್ಜೆ ನಡೆದಿದ್ದರು, ವಾಚು ಪಟಾಕಿ ಹಾರಿಸಿ ಅಭಿನಂದನೆ ಹೇಳಿತ್ತು, ನಾನು ಇಲ್ಲಿಂದ ಹೆಬ್ಬೆಟ್ಟು ಎತ್ತಿದ ಇಮೋಜಿ ಕಳಿಸಿದ್ದೆ. ಅಷ್ಟೂ ಹೆಜ್ಜೆ ಆ ಮೊಳೆ ಮೇಲೆ. ಪ್ರತಿ ಯುಗಾದಿಗೆ ಊರಿಗೆ ಹೋದಾಗ ಆ ಪಾದ ಮುಟ್ಟಿ ನಮಸ್ಕಾರ ಮಾಡಿದೀನಿ. ಒಂದು ಸಲವೂ ಎತ್ತಿ ಕೆಳಗೆ ನೋಡಿಲ್ಲ.

ಹಾಗಾಗಿ ಸರ್ಕಾರಕ್ಕೆ, ವೈದ್ಯಕೀಯ ಆಯೋಗಕ್ಕೆ, ವಿಮೆ ಕಂಪನಿಗಳಿಗೆ ಹೇಳೋದನ್ನ ಮೇಲೆ ಹೇಳಿದೀನಿ. ನಿಮಗೆ ಹೇಳೋದು ಚಿಕ್ಕದು. ಈ ಸಲ ಊರಿಗೆ ಹೋದಾಗ ಅಪ್ಪನದೋ ಅಮ್ಮನದೋ ಕಾಲು ನಿಮ್ಮ ತೊಡೆ ಮೇಲೆ ಇಟ್ಕೊಳ್ಳಿ. ಬೇಡ ಬೇಡ ಅಂತ ಎಳಕೊಳ್ತಾರೆ, ಬಿಡಬೇಡಿ. ಅಂಗಾಲು ನೋಡಿ, ಬೆರಳ ಸಂದಿ ನೋಡಿ, ಹಿಮ್ಮಡಿ ಒಡಕು ನೋಡಿ. ಕಣ್ಣು ಮುಚ್ಚಿಸಿ ಬೆರಳ ತುದಿ ಮೆತ್ತಗೆ ಮುಟ್ಟಿ ಗೊತ್ತಾಯ್ತಾ ಅಂತ ಕೇಳಿ. ಚಪ್ಪಲಿ ಒಳಗೆ ಕೈ ಹಾಕಿ. ಮುಂದಿನ ಸಲ ಶುಗರ್ ಡಾಕ್ಟರ ಹತ್ತಿರ ಹೋದಾಗ ಅವರು ಕೇಳದಿದ್ದರೂ ಸಾಕ್ಸ್ ಬಿಚ್ಚಿಸಿ. ನಿಮ್ಮ ಎಚ್‌ಆರ್‌ಗೆ ಮೇಲ್ ಹಾಕಿ, ನಮ್ಮ ಪಾಲಿಸಿಯಲ್ಲಿ ಪಾದದ ಆರೈಕೆ ಯಾಕಿಲ್ಲ ಅಂತ. ಒಬ್ಬರು ಹಾಕಿದರೆ ನಯವಾದ ಉತ್ತರ ಬರುತ್ತೆ, ಇನ್ನೂರು ಜನ ಹಾಕಿದರೆ ಮೀಟಿಂಗ್ ಕರೀತಾರೆ.

ಅಪ್ಪ ಈಗ ಚಪ್ಪಲಿ ಹಾಕೋ ಮುಂಚೆ ತಲೆಕೆಳಗು ಮಾಡಿ ಎರಡು ಸಲ ಬಡಿದು, ಒಳಗೆ ಕೈಯಾಡಿಸಿ ಹಾಕ್ತಾರೆ. ಟಿಕೆಟ್ ಚೆಕ್ ಮಾಡಿದ ಹಾಗೆ. ಬೆಳಿಗ್ಗೆ ಪಾರ್ಕಿನಲ್ಲಿ ಅವರ ಓರಗೆಯ ಏಳೆಂಟು ಜನ ಸೇರ್ತಾರೆ, ಎಲ್ಲರಿಗೂ ಶುಗರ್. ಅವರನ್ನೆಲ್ಲಾ ಕಲ್ಲು ಬೆಂಚಿನ ಮೇಲೆ ಕೂರಿಸಿ, ಕಾಲು ಎತ್ತಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನೋಡ್ತಾರಂತೆ. ಹೋದ ತಿಂಗಳು ರಿಟೈರ್ಡ್ ಮೇಷ್ಟ್ರೊಬ್ಬರ ಹಿಮ್ಮಡಿಯಲ್ಲಿ ಗಾಜಿನ ಚೂರು ಸಿಕ್ಕಿತಂತೆ, ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಫೋನಿನಲ್ಲಿ ಹೇಳುವಾಗ ಅಪ್ಪನ ದನಿಯಲ್ಲಿ ಜಂಬ ಇತ್ತು. ನನಗೂ ಖುಷಿಯಾಯಿತು. ಫೋನ್ ಇಟ್ಟ ಮೇಲೆ ಸಿಟ್ಟು ಬಂತು. ಇಡೀ ತಾಲೂಕಿಗೆ ಪಾದ ನೋಡೋಕೆ ಇರೋದು ಒಬ್ಬ ರಿಟೈರ್ಡ್ ಕಂಡಕ್ಟರು, ಅದೂ ಎರಡು ಬೆರಳು ಕಳಕೊಂಡ ಮೇಲೆ ಕಲಿತೋರು.